ಗ್ರಂಥಪಾಲಕರು ಕಲಿಸುವ ಪಾಠ

ಗ್ರಂಥಾಲಯವೆಂದೊಡನೆ ಸಾಮಾನ್ಯವಾಗಿ ಕಣ್ಣಮುಂದೆ ಬರುವ ಚಿತ್ರವೊಂದುಂಟು: ಸಾಲುಸಾಲಾದ ಕಪಾಟುಗಳು, ‘ನಿಶ್ಶಬ್ದ’ ಎಂಬ ಫಲಕ, ಮೇಜಿನ ಹಿಂದೆ ಕುಳಿತು ಪುಸ್ತಕಕ್ಕೆ ಮುದ್ರೆಯೊತ್ತಿ ಕೊಡುವ ಗ್ರಂಥಪಾಲಕರು. ಪುಸ್ತಕಗಳನ್ನು ಕಾಯುವುದು, ಕೊಡುವುದು, ಮರಳಿ ಪಡೆಯುವುದು ಇಷ್ಟೇ ಅವರ ಕೆಲಸವೆಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ನುರಿತ ಗ್ರಂಥಪಾಲಕರು ಅಧ್ಯಾಪಕರೂ ಹೌದು. ಅವರು ಕಲಿಸುವ ವಿಷಯಕ್ಕೆ ಪರೀಕ್ಷೆಯಿಲ್ಲ, ಅಂಕಗಳಿಲ್ಲ. ಬೇಕಾದ ತಿಳಿವಳಿಕೆಯನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಎಷ್ಟರಮಟ್ಟಿಗೆ ನಂಬಬೇಕು, ನಂಬಿದ್ದನ್ನು ಹೇಗೆ ಬಳಸಬೇಕು ಎಂಬುದೇ ಆ ವಿಷಯ. ಇದಕ್ಕೆ ಈಗ ‘ಮಾಹಿತಿ ಸಾಕ್ಷರತೆ’ ಎಂದು ಹೆಸರು. 1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಎಂಬವರು ಈ ಮಾತನ್ನು ಬಳಕೆಗೆ ತಂದರು. ಹೆಸರು ಹೊಸದಾದರೂ ಕೆಲಸ ಹಳೆಯದು.

ಈ ಪಾಠ ನಡೆಯುವ ಬಗೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯಕ್ಕೆ ಬಂದು, “ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದವರು ಯಾರು ಸರ್? ಯಾವ ವರ್ಷ? ನಾಳೆ ಪ್ರಬಂಧ ಒಪ್ಪಿಸಬೇಕು” ಎಂದು ಕೇಳಿದಳೆನ್ನೋಣ. ಒಂದು ಹೆಸರನ್ನೂ ಒಂದು ವರ್ಷವನ್ನೂ ಹೇಳಿ ಆಕೆಯನ್ನು ಕಳುಹಿಸಿಬಿಡುವುದು ಬಲು ಸುಲಭ. ಬಲ್ಲ ಗ್ರಂಥಪಾಲಕರು ಹಾಗೆ ಮಾಡುವುದಿಲ್ಲ. “ಯಾವ ಹೆಸರಿನಲ್ಲಿ ಹುಡುಕುತ್ತೀಯಮ್ಮ?” ಎಂದು ಅವರೇ ಮರುಪ್ರಶ್ನೆ ಹಾಕುತ್ತಾರೆ.

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಹುಡುಕಾಟದ ಮೊದಲ ಮೆಟ್ಟಿಲು ಅದೇ. ಜನರ ಬಾಯಲ್ಲಿ ‘ಕನ್ನಂಬಾಡಿ ಕಟ್ಟೆ’ಯಾದದ್ದು ಗ್ರಂಥಗಳಲ್ಲಿ ಹೆಚ್ಚಾಗಿ ‘ಕೃಷ್ಣರಾಜಸಾಗರ’ವೆಂದು ಬರುತ್ತದೆ. ಒಂದೇ ಹೆಸರನ್ನು ಹಿಡಿದು ಹುಡುಕಿದವನಿಗೆ ಅರ್ಧ ಗ್ರಂಥಾಲಯ ಮುಚ್ಚಿದ ಬಾಗಿಲಾಗಿಯೇ ಉಳಿಯುತ್ತದೆ. ಒಳ್ಳೆಯ ಗ್ರಂಥಸೂಚಿಯಲ್ಲಿ ಕನ್ನಂಬಾಡಿಯ ಬಳಿ ‘ಕೃಷ್ಣರಾಜಸಾಗರ ನೋಡಿ’ ಎಂಬ ನಿರ್ದೇಶವಿರುತ್ತದೆ. ಇಲ್ಲದಿದ್ದಲ್ಲಿ ಹುಡುಕುವವರೇ ಕಾವೇರಿ, ನೀರಾವರಿ, ಅಣೆಕಟ್ಟು ಮುಂತಾದ ನೆರೆಯ ಪದಗಳನ್ನು ನೆನೆದುಕೊಳ್ಳಬೇಕು. ಇನ್ನು ಅಕಾರಾದಿಯ ತೊಡಕು. ವರ್ಣಮಾಲೆಯನ್ನು ನಿರರ್ಗಳವಾಗಿ ಒಪ್ಪಿಸುವ ಮಕ್ಕಳೂ ನಿಘಂಟನ್ನು ತೆರೆದಾಗ ‘ಕೃ’ ಎಂಬುದು ‘ಕೂ’ ಆದ ಮೇಲೆ, ‘ಕೆ’ಗೆ ಮೊದಲು ಬರುತ್ತದೆಂಬುದನ್ನು ಕಾಣದೆ ತಡಕಾಡುವುದುಂಟು. ಎರಡು ನಿಮಿಷ ಜೊತೆಯಲ್ಲಿ ನಿಂತು ಒಮ್ಮೆ ತೋರಿಸಿದರೆ ಜೀವಮಾನಪರ್ಯಂತ ನೆನಪಿರುವ ಸಂಗತಿಯಿದು.

ಹೆಸರು ತಿಳಿಯಿತು, ಇನ್ನು ಪುಸ್ತಕವಿರುವ ಜಾಗ ತಿಳಿಯಬೇಕು. ಅನೇಕ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಜೋಡಿಸುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದಂತೆ. ಅದು ಜ್ಞಾನವನ್ನೆಲ್ಲ ಹತ್ತು ವರ್ಗಗಳಾಗಿ ವಿಂಗಡಿಸುತ್ತದೆ. ಆದರೆ ಅಣೆಕಟ್ಟಿನಂತಹ ವಿಷಯ ಒಂದೇ ಕಪಾಟಿನಲ್ಲಿ ಕುಳಿತಿರುವುದಿಲ್ಲ. ಕಟ್ಟೆಯನ್ನು ಕಟ್ಟುವ ವಿದ್ಯೆ 627ರಲ್ಲಿ, ಮೈಸೂರು ಸಂಸ್ಥಾನದ ಇತಿಹಾಸ 954ರ ಕೆಳಗೆ, ಕಟ್ಟಿಸಿದವರ ಜೀವನಚರಿತ್ರೆ ಹಲವೆಡೆ 920ರಲ್ಲಿ. ವಿದ್ಯಾರ್ಥಿನಿ ಮೂರು ಕಪಾಟುಗಳ ಮುಂದೆ ನಿಂತಾಗ, ತಾನು ಕೇಳಿದ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿದ್ದವೆಂಬುದು ತಾನಾಗಿಯೇ ಹೊಳೆಯುತ್ತದೆ.

ಮೊದಲು ವಿಶ್ವಕೋಶವನ್ನು ನೋಡಿ ವಿಷಯದ ಸ್ಥೂಲರೂಪವನ್ನು ಗ್ರಹಿಸುವುದು, ಬಳಿಕ ಬಿಡಿ ಗ್ರಂಥಗಳಿಗೆ ಹೋಗುವುದು ವಾಡಿಕೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ. ಒಟ್ಟು 14 ಸಂಪುಟಗಳು. ಗ್ರಂಥವೊಂದು ಕೈಗೆ ಬಂದರೆ ಮೊದಲಿನಿಂದ ಕೊನೆಯವರೆಗೆ ಓದಬೇಕಾದ ಅಗತ್ಯವೂ ಇಲ್ಲ. ಮುಂದಿನ ಪರಿವಿಡಿ, ಹಿಂದಿನ ಪದಸೂಚಿ ಇವೆರಡನ್ನು ಬಳಸಬಲ್ಲವರು ಐನೂರು ಪುಟಗಳಲ್ಲಿ ತಮಗೆ ಬೇಕಾದ ಎರಡು ಪುಟಗಳನ್ನು ಕ್ಷಣದಲ್ಲಿ ತೆರೆಯುತ್ತಾರೆ.

ಇಷ್ಟು ಮಾಡಿದ ಮೇಲೆ ನಿಜವಾದ ಕಷ್ಟ ಎದುರಾಗುತ್ತದೆ. ಒಂದು ಪುಸ್ತಕ 1911 ಎನ್ನುತ್ತದೆ. ಮತ್ತೊಂದು ಅದಕ್ಕಿಂತ ಇಪ್ಪತ್ತು ವರ್ಷಗಳಷ್ಟು ಈಚಿನ ಕಾಲವನ್ನು ಹೇಳುತ್ತದೆ. ಒಂದರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು, ಇನ್ನೊಂದರಲ್ಲಿ ವಿಶ್ವೇಶ್ವರಯ್ಯನವರ ಹೆಸರು. “ಯಾವುದು ತಪ್ಪು ಸರ್?” ಎಂದು ಮಗು ಕೇಳುತ್ತದೆ. “ಯಾವುದೂ ತಪ್ಪಿಲ್ಲದಿರಬಹುದು, ಒಂದೊಂದು ಪುಸ್ತಕ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ, ನೋಡು” ಎನ್ನುತ್ತಾರೆ ಗ್ರಂಥಪಾಲಕರು. ಕೆಲಸ ಆರಂಭವಾದದ್ದು 1911ರಲ್ಲಿ. ಆಗ ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಎಂಜಿನಿಯರು. 1912ರಿಂದ 1918ರವರೆಗೆ ದಿವಾನರು. ಕಟ್ಟೆ ಪೂರ್ಣಗೊಂಡದ್ದು 1930ರ ದಶಕದ ಆದಿಭಾಗದಲ್ಲಿ. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲರು. ಉದ್ದಕ್ಕೂ ಅರಸರಾಗಿದ್ದು ಯೋಜನೆಗೆ ಬೆಂಬಲವಾಗಿ ನಿಂತವರು ನಾಲ್ವಡಿಯವರು. ಕಲ್ಲು ಹೊತ್ತ ಸಾವಿರಾರು ಕೂಲಿಗಳ ಹೆಸರುಗಳಂತೂ ಯಾವ ಪದಸೂಚಿಯಲ್ಲಿಯೂ ಇಲ್ಲ. ‘ಕಟ್ಟಿದವರು ಯಾರು’ ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಸಾಲದೆಂಬುದು ಹೀಗೆ ತಿಳಿಯುತ್ತದೆ.

ವಿಶ್ವೇಶ್ವರಯ್ಯನವರೇ 1951ರಲ್ಲಿ ತಮ್ಮ ಕಾರ್ಯಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕೆಲಸ ಮಾಡಿದವರ ಬಾಯಿಂದಲೇ ಬಂದ ಇಂತಹ ಬರಹಕ್ಕೆ ಬೆಲೆ ಹೆಚ್ಚು. ಹಾಗೆಂದು ಅದೊಂದನ್ನೇ ನೆಚ್ಚುವುದೂ ಸಲ್ಲದು. ಯಾರೂ ತಾವು ಕಂಡಷ್ಟನ್ನೇ ಬರೆಯುವುದು ಸಹಜ. ಬರೆದವರು ಯಾರು, ಎಂದು ಬರೆದರು, ಕಣ್ಣಾರೆ ಕಂಡು ಬರೆದರೋ ಕೇಳಿ ಬರೆದರೋ ಎಂದು ವಿಚಾರಿಸುವ ಅಭ್ಯಾಸವನ್ನು ಗ್ರಂಥಪಾಲಕರು ಬೆಳೆಸುತ್ತಾರೆ.

ಮೊಬೈಲ್ ಫೋನು, ಅಂತರಜಾಲಗಳು ಬಂದ ಮೇಲೆ ಈ ಅಭ್ಯಾಸ ಅನಾವಶ್ಯಕವಾಯಿತೆಂದು ಕೆಲವರು ಭಾವಿಸುತ್ತಾರೆ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. ಹಿಂದೆ ಹುಡುಕುವುದು ಕಷ್ಟವಾಗಿತ್ತು. ಈಗ ಸೋಸುವುದು ಕಷ್ಟ. ಒಬ್ಬರು ಬರೆದ ತಪ್ಪನ್ನು ಹತ್ತು ಮಂದಿ ಅಕ್ಷರ ಬಿಡದೆ ನಕಲು ಮಾಡಿದರೆ, ನೋಡುವವರಿಗೆ ಹತ್ತು ಸಾಕ್ಷಿಗಳು ಸಿಕ್ಕಂತೆ ಭಾಸವಾಗುತ್ತದೆ. ಸಾಕ್ಷಿ ಇರುವುದು ಒಂದೇ, ಅದೂ ಸುಳ್ಳುಸಾಕ್ಷಿ. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸುವ ಯಂತ್ರಗಳೂ ಈಗ ಬಂದಿವೆ. ಅವು ತಪ್ಪನ್ನೂ ಸರಿಯನ್ನೂ ಒಂದೇ ಧೀರ ಸ್ವರದಲ್ಲಿ ಹೇಳುತ್ತವೆ.

ಭಾರತದಲ್ಲಿ ಗ್ರಂಥಪಾಲನೆಗೆ ಶಾಸ್ತ್ರದ ಗೌರವವನ್ನು ತಂದುಕೊಟ್ಟವರು ಎಸ್. ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಐದು ಸೂತ್ರಗಳಿವೆ. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಮೊದಲನೆಯದು. ಓದುಗನ ಕಾಲವನ್ನು ಉಳಿಸಬೇಕೆಂಬುದು ನಾಲ್ಕನೆಯದು. ಉತ್ತರ ಹೇಳದೆ ಹುಡುಗಿಯನ್ನು ಮೂರು ಕಪಾಟುಗಳಿಗೆ ಅಲೆಸಿದ ಗ್ರಂಥಪಾಲಕರು ಈ ನಾಲ್ಕನೆಯ ಸೂತ್ರವನ್ನು ಮುರಿದಂತಾಗಲಿಲ್ಲವೆ? ಅವಸರದಲ್ಲಿರುವ ಸಂಶೋಧಕನಿಗಾದರೆ ಪುಸ್ತಕವನ್ನು ತೆರೆದು ಪುಟವನ್ನೇ ತೋರಿಸುವುದು ಯುಕ್ತ. ಕಲಿಯುವ ಮಗುವಿನ ವಿಷಯ ಬೇರೆ. ಇಂದು ಕಳೆದ ಒಂದು ಗಂಟೆ ಮುಂದಿನ ನೂರು ಗಂಟೆಗಳನ್ನು ಉಳಿಸುತ್ತದೆ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಅಲ್ಲಿ 1962ರಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಅನೇಕ ಗ್ರಂಥಪಾಲಕರನ್ನು ತಯಾರು ಮಾಡಿದೆ. ಅವರು ನಿಧನರಾದದ್ದು 1972ರಲ್ಲಿ.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಬಂದದ್ದು 1965ರಲ್ಲಿ. ಈಗ ಗ್ರಾಮ ಪಂಚಾಯಿತಿಗಳಲ್ಲಿಯೂ ಗ್ರಂಥಾಲಯಗಳಿವೆ. ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಅರ್ಥವತ್ತಾದ ಹೆಸರಿದೆ. ಆದರೆ ಎಷ್ಟೋ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಇಂದಿಗೂ ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ ಬೀಗ ಹಾಕಿದ ಒಂದು ಬೀರು. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಲ್ಲ ಎಂಬ ಭಯ ಬೀಗವನ್ನು ಭದ್ರಪಡಿಸುತ್ತದೆ. ಮನೆಯಲ್ಲಿ ಪುಸ್ತಕಗಳಿರುವ ಮಕ್ಕಳು ಇದರಿಂದ ಅಷ್ಟೇನೂ ಕಳೆದುಕೊಳ್ಳುವುದಿಲ್ಲ. ಮನೆಯಲ್ಲಿ ಪುಸ್ತಕವೇ ಇಲ್ಲದವರು ಕಾಲೇಜನ್ನು ಸೇರಿ ದೊಡ್ಡ ಗ್ರಂಥಾಲಯದ ಬಾಗಿಲಲ್ಲಿ ನಿಂತಾಗ, ಕೇಳಲು ನಾಚಿಕೆ, ಕೇಳದಿದ್ದರೆ ಕತ್ತಲೆ ಎಂಬ ಸ್ಥಿತಿಗೆ ಸಿಲುಕುತ್ತಾರೆ. ಶಾಲೆಯಲ್ಲಿ ಬಿಟ್ಟುಹೋದ ಪಾಠದ ನಷ್ಟ ತಿಳಿಯುವುದು ಆಗ.

ನಮ್ಮ ವಿದ್ಯಾರ್ಥಿನಿಯ ಪ್ರಬಂಧ ಎಲ್ಲಿಗೆ ಬಂತು? ಟಿಪ್ಪಣಿಗಳನ್ನು ಪುಸ್ತಕದ ವಾಕ್ಯಗಳಲ್ಲಿಯೇ ಇಳಿಸಿಕೊಳ್ಳದೆ, ಓದಿ, ಪುಸ್ತಕವನ್ನು ಮುಚ್ಚಿ, ತನ್ನ ಮಾತಿನಲ್ಲಿ ಬರೆದುಕೊಳ್ಳಲು ಆಕೆಗೆ ಹೇಳಲಾಗಿದೆ. ಪ್ರತಿಯೊಂದರ ಪಕ್ಕದಲ್ಲಿ ಗ್ರಂಥದ ಹೆಸರು, ಕರ್ತೃವಿನ ಹೆಸರು, ಪುಟಸಂಖ್ಯೆ. ಎರಡು ಪುಟ ತುಂಬಿದ ಮೇಲೆ ಆಕೆ ಮತ್ತೆ ಮೇಜಿನ ಬಳಿಗೆ ಬರುತ್ತಾಳೆ. “ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು ಎಂದು ಇದರಲ್ಲಿದೆ ಸರ್. ಆ ಊರಿನವರು ಎಲ್ಲಿಗೆ ಹೋದರು?” ಗ್ರಂಥಪಾಲಕರು ಉತ್ತರಿಸಲು ತಲೆಯೆತ್ತುವಷ್ಟರಲ್ಲಿ ಹುಡುಗಿ ಸೂಚಿಪೆಟ್ಟಿಗೆಯ ಕಡೆಗೆ ನಡೆದಿರುತ್ತಾಳೆ.