ಊರಿಗೆ ಮೂರು ಕಿಲೋಮೀಟರು

ಪದವಿ ಪರೀಕ್ಷೆಗೆಂದು ಒಮ್ಮೆ ಪರಸ್ಥಳಕ್ಕೆ ಹೊರಟಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಎದುರಿಗಿದ್ದ ಹಳದಿ ತಲೆಯ ಕಲ್ಲು ಊರಿಗೆ ೩ ಕಿಲೋಮೀಟರು ಎಂದು ಸಾರುತ್ತಿತ್ತು. ಇನ್ನೂ ಒಂದು ಗಂಟೆಯ ಅವಕಾಶವಿದ್ದಿತು. ಕಲ್ಲನ್ನು ನಂಬಿ ನಡೆದೆ. ಅರ್ಧ ಗಂಟೆಯೊಳಗೇ ಮನೆಗಳು, ಅಂಗಡಿಗಳು ಕಂಡುವು. ಊರು ಬಂದಿತೆಂದು ಹಿಗ್ಗಿ ಚಹಾ ಕುಡಿಯುತ್ತ ಕುಳಿತೆ. ವಿಚಾರಿಸಿದಾಗ ತಿಳಿಯಿತು: ಕಲ್ಲಿನ ಲೆಕ್ಕ ಮುಗಿಯುವುದು ಪೇಟೆಯ ನಡುವೆ, ಪರೀಕ್ಷೆ ನಡೆಯುವ ಕಾಲೇಜು ಅದಕ್ಕೂ ಆಚೆ, ದಿಣ್ಣೆಯ ಮೇಲೆ. ಏದುಸಿರು ಬಿಡುತ್ತ ಒಳಹೊಕ್ಕಾಗ ಪ್ರಶ್ನಪತ್ರಿಕೆ ಹಂಚಿ ಇಪ್ಪತ್ತು ನಿಮಿಷವಾಗಿತ್ತು. ಕೊನೆಯ ಪ್ರಶ್ನೆ ಬರೆಯದೆ ಉಳಿಯಿತು. ಅದು ಹಳಗನ್ನಡದ್ದು, ನನಗೆ ಚೆನ್ನಾಗಿ ಗೊತ್ತಿದ್ದುದು.

ಕಲ್ಲು ಸುಳ್ಳಾಡಿರಲಿಲ್ಲ. ಊರೆಂಬುದು ಹರಡಿಕೊಂಡಿರುವ ವಸ್ತು. ಅಳತೆಗೆ ಬೇಕಾದುದು ಒಂದು ಬಿಂದು. ಊರಿನ ಅಂಚಿನಿಂದ ಎಣಿಸಿದರೆ ಹೊಸ ಬಡಾವಣೆ ಎದ್ದಾಗಲೆಲ್ಲ ಕಲ್ಲನ್ನು ತಿದ್ದಬೇಕಾದೀತು. ಆದುದರಿಂದ ನಡುವಿನ ಯಾವುದಾದರೊಂದು ಸ್ಥಾನವನ್ನು, ಹಲವೆಡೆ ಮುಖ್ಯ ಅಂಚೆಕಚೇರಿಯನ್ನು, ಕೊನೆಯೆಂದು ಗೊತ್ತುಮಾಡಿಕೊಂಡು ರಸ್ತೆ ಬಳುಕಿದಂತೆ ಬಳುಕಿ ಅಳೆಯುತ್ತಾರೆ. ಭೂಪಟದ ಮೇಲೆ ಎಳೆದ ನೇರ ಗೆರೆಗೂ ಈ ಲೆಕ್ಕಕ್ಕೂ ಇರುವ ಅಂತರ ಆಗುಂಬೆಯ ತಿರುವುಗಳನ್ನು ಇಳಿದವರ ಹೊಟ್ಟೆಗೇ ಗೊತ್ತು!

ಆದರೆ ಆ ಬಿಂದುವನ್ನು ಆರಿಸುವವರು ಯಾರು? ಮುಂಬಯಿಯನ್ನು ನೋಡಿ. ಅಲ್ಲಿನ ಕೋಟೆಯೊಳಗೆ ೧೭೧೮ರಲ್ಲಿ ಸಂತ ಥಾಮಸರ ಚರ್ಚು ಬಾಗಿಲು ತೆರೆಯಿತು. ಇಂಗ್ಲಿಷರು ಮುಂದೆ ನಗರದ ಮೈಲಿಗಳನ್ನು ಆ ಚರ್ಚಿನಿಂದಲೇ ಎಣಿಸಿ, ಕರಿಗಲ್ಲುಗಳ ಮೇಲೆ ರೋಮನ್ ಅಂಕಿಗಳನ್ನು ಕೆತ್ತಿಸಿದರು. ಚರ್ಚಿನತ್ತ ಹೋಗುವ ಕೋಟೆಬಾಗಿಲೇ ಚರ್ಚ್‌ಗೇಟ್. ಆ ಬಾಗಿಲು ಇಂದಿಲ್ಲ. ಹೆಸರು ಮಾತ್ರ ರೈಲುನಿಲ್ದಾಣಕ್ಕೆ ಅಂಟಿ ಉಳಿದಿದೆ. ರಸ್ತೆ ಏರಿದಂತೆಲ್ಲ ಹೂತುಹೋದ ಕಲ್ಲುಗಳಲ್ಲಿ ಕೆಲವನ್ನು ಈಚಿನ ವರ್ಷಗಳಲ್ಲಿ ಮೇಲೆತ್ತಿ ನಿಲ್ಲಿಸಿದ್ದಾರೆ. ಆ ದ್ವೀಪಗಳಲ್ಲಿ ಇಂಗ್ಲಿಷರಿಗಿಂತ ಮೊದಲೇ ನೆಲಸಿದ್ದ ಕೋಳಿ ಬೆಸ್ತರ ಕೇರಿಯಿಂದ ಮೈಲಿ ಎಣಿಸಬಹುದೆಂದು ಅವರಿಗೆ ತೋರಲಿಲ್ಲ. ಆಳುವವನು ನಿಂತಲ್ಲಿಯೇ ಸೊನ್ನೆ.

ಸೀಮೆಗಳ ಪಾಡು ಬೇರೆ. ಕೊಡಗಿನ ಕಡೆಗೆ ಹೊರಟವನಿಗೆ ಕಲ್ಲು ಹೇಳುವುದು ಮಡಿಕೇರಿಯ ದೂರವನ್ನು. ಮಲೆನಾಡಿಗೆ ಇಷ್ಟು ದೂರವೆಂದು ಬರೆದ ಕಲ್ಲನ್ನು ನಾನು ಕಂಡಿಲ್ಲ. ಮಲೆನಾಡು ಎಲ್ಲಿ ಮೊದಲಾಗುತ್ತದೆಂಬುದನ್ನು ಮಳೆ ಹೇಳಬೇಕೇ ಹೊರತು ಲೋಕೋಪಯೋಗಿ ಇಲಾಖೆಯಲ್ಲ.

ನಮ್ಮ ಅಜ್ಜಿಗೆ ಈ ತೊಡಕುಗಳೇ ಇರಲಿಲ್ಲ. ೧೯೫೬ರ ಕಾನೂನು ಮೆಟ್ರಿಕ್ ಅಳತೆಯನ್ನು ತಂದು, ಮೈಲಿ ಹೋಗಿ ಕಿಲೋಮೀಟರು ಬಂದ ಮೇಲೂ ಆಕೆಗೆ ದೂರದ ಊರು ಎರಡು ಹರದಾರಿ, ಹತ್ತಿರದ ತೋಟ ಒಂದು ಕೂಗಳತೆ. ಕೂಗಳತೆಗೆ ಚರ್ಚು ಬೇಡ, ಅಂಚೆಕಚೇರಿಯೂ ಬೇಡ. ಕೂಗುವವರು ನಿಂತ ಜಾಗದಿಂದಲೇ ಅದರ ಲೆಕ್ಕ.

ಈಚೆಗೆ ನನ್ನ ಪರೀಕ್ಷೆಯ ಊರಿಗೆ ಮತ್ತೊಮ್ಮೆ ಹೋಗಬೇಕಾಯಿತು. ಊರನ್ನು ಬಳಸಿ ಹೊಸ ಹೆದ್ದಾರಿಯಾಗಿದೆ. ಹಳೆಯ ರಸ್ತೆಯಂಚಿನಲ್ಲಿ ಆ ಕಲ್ಲು ಬಣ್ಣ ಮಾಸಿ ನಿಂತಿದೆ. ಮನೆಗಳು ಅದನ್ನು ದಾಟಿ ಈಚೆಗೆ ಬಂದಿವೆ; ಒಬ್ಬಾಕೆ ಅದರ ಮೇಲೆ ಬಟ್ಟೆ ಒಣಹಾಕಿದ್ದಳು. ಸೀರೆಯ ಅಂಚಿನ ಕೆಳಗೆ ಇನ್ನೂ ಕಾಣುತ್ತಿತ್ತು: ೩.