ಊರ ಕಾಮಗಾರಿಗೆ ಕಂಟ್ರಾಕ್ಟರರ ಆಯ್ಕೆ

ಹುಣಸೂರಿನಲ್ಲಿ ನಗರಸಭೆಯುಂಟು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಪುರಸಭೆಗಳುಂಟು. ಬೀದಿ, ಚರಂಡಿ, ನೀರಿನ ಕೊಳಾಯಿಗಳನ್ನು ಮಾಡಿಸುವುದು ಇವುಗಳ ಹೊಣೆ. ಹಣ ಮಾತ್ರ ಕಂದಾಯ ತೆರುವ ನಮ್ಮದು. ಹೊಸ ಚರಂಡಿಯ ಗೋಡೆ ಮೊದಲ ಮಳೆಗೇ ಬಿರುಕು ಬಿಟ್ಟರೆ, "ಎಲ್ಲರಿಗಿಂತ ಕಡಿಮೆ ಕೇಳಿದವನಿಗೆ ಕೊಟ್ಟರೆ ಇನ್ನೇನಾದೀತು?" ಎನ್ನುತ್ತೇವೆ. ಈ ಮಾತು ಅರ್ಧ ಮಾತ್ರ ಸತ್ಯ. ಉಳಿದ ಅರ್ಧವನ್ನು ಇಲ್ಲಿ ವಿಚಾರಿಸೋಣ.

ಈ ಆಯ್ಕೆಗೆ ಆಧಾರವಾದುದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯನ್ನು ಕುರಿತ ಕರ್ನಾಟಕದ 1999ರ ಅಧಿನಿಯಮ. ಇದು 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಮೊದಲು ಎಂಜಿನಿಯರರು ಸ್ಥಳ ನೋಡಿ, ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಅಂದಾಜು ಪಟ್ಟಿ ತಯಾರಿಸುತ್ತಾರೆ. ಮಂಜೂರಾತಿ ದೊರೆತ ಮೇಲೆ ಟೆಂಡರು ಕರೆಯುತ್ತಾರೆ. ಹಿಂದೆ ಮೊಹರು ಮಾಡಿದ ಲಕೋಟೆಗಳು ಕಚೇರಿಯ ಪೆಟ್ಟಿಗೆಗೆ ಬೀಳುತ್ತಿದ್ದವು. ಈಗ ಸರ್ಕಾರದ ಗಣಕಜಾಲದ ಮೂಲಕ ಸಲ್ಲಿಕೆಯಾಗುತ್ತವೆ.

ದೊಡ್ಡ ಕೆಲಸಗಳಿಗೆ ಎರಡು ಲಕೋಟೆಯ ಪದ್ಧತಿಯುಂಟು. ಮೊದಲನೆಯದರಲ್ಲಿ ಯೋಗ್ಯತೆ: ಗುತ್ತಿಗೆದಾರರ ನೋಂದಣಿಯ ದರ್ಜೆ, ಹಿಂದೆ ಮಾಡಿದ ಕೆಲಸ, ವಾರ್ಷಿಕ ವಹಿವಾಟು. ಎರಡನೆಯದರಲ್ಲಿ ದರ. ಯೋಗ್ಯತೆಯಲ್ಲಿ ತೇರ್ಗಡೆಯಾದವರ ದರವನ್ನು ಮಾತ್ರ ತೆರೆಯುತ್ತಾರೆ. ಅವರಲ್ಲಿ ಅತಿ ಕಡಿಮೆ ಕೇಳಿದವರಿಗೆ ಕೆಲಸ. ಆದ್ದರಿಂದ ಕಡಿಮೆ ದರವೆಂದರೆ ಯೋಗ್ಯರ ನಡುವಣ ಕಡಿಮೆ ದರ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಅಂದಾಜು 20 ಲಕ್ಷ. ಒಬ್ಬರು 19, ಇನ್ನೊಬ್ಬರು 18, ಮೂರನೆಯವರು 13 ಲಕ್ಷ ಕೇಳಿದ್ದಾರೆ. ಹದಿಮೂರನ್ನು ಕಂಡು ಹಿಗ್ಗುವ ಮೊದಲು ಸಿಮೆಂಟು, ಮರಳು, ಕೂಲಿ ಈ ಹಣದಲ್ಲಿ ಹೇಗೆ ಹೊಂದುತ್ತವೆಂದು ವಿವರ ಕೇಳಬೇಕು. ಹೆಚ್ಚುವರಿ ಭದ್ರತಾ ಠೇವಣಿಯನ್ನೂ ಕೇಳಬಹುದು. ಹೀಗೆ ಕೇಳದೆ ಬಿಟ್ಟರೆ, ಉಳಿದಂತೆ ಕಂಡ ಹಣ ಚರಂಡಿಯ ಗೋಡೆಯಲ್ಲಿ ಸೋರಿಹೋದೀತು.

ಬಂಡವಾಳವಿದ್ದವರಿಗೇ ಎಲ್ಲ ಕೆಲಸ ಹೋಗಬಾರದೆಂದು 2017ರ ತಿದ್ದುಪಡಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇಕಡ 17.15, ಪರಿಶಿಷ್ಟ ವರ್ಗದವರಿಗೆ 6.95 ಮೀಸಲಿಟ್ಟಿತು. 2023ರಲ್ಲಿ ಆ ಮಿತಿಯನ್ನು ಒಂದು ಕೋಟಿಗೆ ಏರಿಸಲಾಯಿತು. ಇಲ್ಲಿಯೂ ಆ ವರ್ಗದವರೊಳಗೇ ಪೈಪೋಟಿ ನಡೆಯುತ್ತದೆ.

ಎಲ್ಲ ಕೆಲಸವೂ ಟೆಂಡರಿಗೆ ಬರುವುದಿಲ್ಲವೆಂಬುದನ್ನೂ ಮರೆಯಬಾರದು. ಚಿಕ್ಕ ಮೊತ್ತದ ಕೆಲಸಗಳಿಗೆ ಕಾನೂನು ವಿನಾಯಿತಿ ಕೊಟ್ಟಿದೆ; ಸರ್ಕಾರವೂ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡಬಹುದು. ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಚಿಕ್ಕ ಕೆಲಸವೆಂದು ತೋರಿಸಿದರೆ, ಪೈಪೋಟಿಯನ್ನು ಹಿಂಬಾಗಿಲಿನಿಂದ ಕಳುಹಿಸಿದಂತೆಯೇ ಸರಿ.

ಆಯ್ಕೆಯಲ್ಲಿ ಅನ್ಯಾಯವಾಯಿತೆಂದು ತಿಳಿದ ಟೆಂಡರುದಾರರು ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಬೀದಿಯ ನಿವಾಸಿಗಳೇನು ಮಾಡಬೇಕು? 2005ರ ಮಾಹಿತಿ ಹಕ್ಕಿನ ಕಾನೂನು ಅವರಿಗಾಗಿಯೇ ಇದೆ. ಹತ್ತು ರೂಪಾಯಿ ಶುಲ್ಕದೊಡನೆ, ಒಂದೇ ವಿಷಯವನ್ನು 150 ಪದಗಳೊಳಗೆ ಬರೆದು ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ಅಂದಾಜು ಪಟ್ಟಿ, ಒಪ್ಪಿದ ದರ, ಅಳತೆ ಪುಸ್ತಕ, ಕೆಟ್ಟರೆ ಕಂಟ್ರಾಕ್ಟರರೇ ದುರಸ್ತಿ ಮಾಡಿಕೊಡಬೇಕಾದ ಅವಧಿ, ಈ ನಾಲ್ಕನ್ನು ಕೇಳಿ. ಆ ಅವಧಿ ಮುಗಿಯುವ ಮೊದಲೇ ಬಿರುಕನ್ನು ಬರವಣಿಗೆಯಲ್ಲಿ ತಿಳಿಸಿದರೆ ದುರಸ್ತಿಯ ಖರ್ಚು ಕಂಟ್ರಾಕ್ಟರರದು. ಮುಗಿದ ಮೇಲೆ ತಿಳಿಸಿದರೆ ಅದು ಮತ್ತೆ ನಮ್ಮ ಕಂದಾಯದ್ದು.