ಶುಗರ್ ಫ್ರೀ ಚ್ಯೂಯಿಂಗ್ ಗಮ್ ಹಲ್ಲಿಗೆ ಒಳ್ಳೆಯದೇ? ನಿಜವಾದ ಕೆಲಸ ಮಾಡುವುದು ಜೊಲ್ಲು!

ಆಫೀಸಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹಲ್ಲುಜ್ಜುವವರು ಎಷ್ಟು ಮಂದಿ? ಹೆಚ್ಚಿನವರಿಗೆ ಬಾಯಿ ಮುಕ್ಕಳಿಸಲೂ ಪುರುಸೊತ್ತಿಲ್ಲ. ಒಂದು ಚ್ಯೂಯಿಂಗ್ ಗಮ್ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಅದು ಸಕ್ಕರೆ ಇಲ್ಲದ್ದಾಗಿದ್ದರೆ ಹಲ್ಲಿಗೆ ಒಂದಿಷ್ಟು ಲಾಭವೂ ಉಂಟು.

ನಾವು ತಿಂದ ಸಕ್ಕರೆ, ಪಿಷ್ಟದ ಮೇಲೆ ಬಾಯಿಯ ಬ್ಯಾಕ್ಟೀರಿಯಾಗಳೂ ಬದುಕುತ್ತವೆ. ಅವು ಬಿಡುವ ಆಮ್ಲದಿಂದ ಬಾಯಿಯ ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ, ಅಂದರೆ ಎನಾಮಲ್ ಕರಗತೊಡಗುತ್ತದೆ. ಹುಳುಕು ಶುರುವಾಗುವುದೇ ಹೀಗೆ. ಇದಕ್ಕೆ ದೇಹವೇ ಕೊಟ್ಟಿರುವ ಮದ್ದು ಜೊಲ್ಲು. ಗಮ್ ಜಗಿಯುವಾಗ ಅದು ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಸುರಿಯುತ್ತದೆ. ಹಲ್ಲಿಗಂಟಿದ ಆಹಾರದ ಚೂರುಗಳನ್ನು ತೊಳೆಯುತ್ತದೆ, ಅದರಲ್ಲಿನ ಬೈಕಾರ್ಬನೇಟ್ ಆಮ್ಲದ ಶಕ್ತಿ ಕುಗ್ಗಿಸುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎನಾಮಲ್‌ಗೆ ಮರಳುತ್ತವೆ. ಹಾಗಾಗಿ ಊಟವಾದ ಕೂಡಲೇ ಜಗಿದರೆ ಮಾತ್ರ ಪ್ರಯೋಜನ. ಸುಮಾರು 20 ನಿಮಿಷ ಸಾಕು ಎನ್ನುತ್ತದೆ ಅಮೆರಿಕನ್ ಡೆಂಟಲ್ ಅಸೋಸಿಯೇಷನ್. ಈ ಸಂಸ್ಥೆ ಸಕ್ಕರೆರಹಿತ ಗಮ್‌ಗೆ ಮೊದಲ ಬಾರಿ ತನ್ನ ಮಾನ್ಯತೆಯ ಮುದ್ರೆ ಕೊಟ್ಟಿದ್ದು 2007ರಲ್ಲಿ.

ಸಿಹಿಗಾಗಿ ಇಂಥ ಗಮ್‌ಗಳಲ್ಲಿ ಸಾರ್ಬಿಟಾಲ್, ಕ್ಸೈಲಿಟಾಲ್ ಬಳಸುತ್ತಾರೆ. ಹುಳುಕಿಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾಕ್ಕೆ ಕ್ಸೈಲಿಟಾಲ್‌ನಿಂದ ಆಮ್ಲ ತಯಾರಿಸಲು ಬರುವುದಿಲ್ಲ. 1970ರ ದಶಕದಲ್ಲಿ ಫಿನ್ಲೆಂಡಿನ ಟುರ್ಕು ನಗರದಲ್ಲಿ ನಡೆದ ಅಧ್ಯಯನಗಳಿಂದ ಇದಕ್ಕೆ ಹೆಸರು ಬಂತು. ಗಮ್ ಮಾರಾಟವನ್ನೇ 1992ರಲ್ಲಿ ನಿಷೇಧಿಸಿದ್ದ ಸಿಂಗಾಪುರ ಕೂಡ 2004ರಲ್ಲಿ ಹಲ್ಲಿನ ಆರೋಗ್ಯಕ್ಕೆ ನೆರವಾಗುವ ಗಮ್‌ಗೆ ವಿನಾಯಿತಿ ಕೊಟ್ಟಿತು, ಅದೂ ಔಷಧದಂಗಡಿ ಮತ್ತು ದಂತವೈದ್ಯರ ಮೂಲಕ ಮಾತ್ರ.

ಪುದೀನ ರುಚಿ ಇದ್ದ ಮಾತ್ರಕ್ಕೆ ಗಮ್ ಸಕ್ಕರೆರಹಿತವಲ್ಲ. ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ಸಕ್ಕರೆ ಇದ್ದರೆ ಅದು ಹೋಟೆಲಿನಲ್ಲಿ ಬಿಲ್ ಜೊತೆ ಬರುವ ಸಕ್ಕರೆ ಸೋಂಪಿನಂತೆಯೇ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಊಟ. ಹುಳಿ ಹಣ್ಣಿನ ರುಚಿಯ ಕೆಲವು ಗಮ್‌ಗಳಲ್ಲಿ ಸಿಟ್ರಿಕ್ ಆಮ್ಲವಿರುತ್ತದೆ, ಅದೂ ಎನಾಮಲ್‌ಗೆ ಒಳ್ಳೆಯದಲ್ಲ.

ಆಗಲೇ ಬಿದ್ದ ತೂತನ್ನು ಗಮ್ ಮುಚ್ಚುವುದಿಲ್ಲ. ಹಲ್ಲಿನ ಸಂದಿಯ ಕೊಳೆಗೂ ಅದು ತಲುಪದು. ದಿನಕ್ಕೆರಡು ಬಾರಿ ಫ್ಲೋರೈಡ್ ಪೇಸ್ಟ್‌ನಿಂದ ಉಜ್ಜುವುದು ತಪ್ಪಿದ್ದಲ್ಲ. ದವಡೆಯ ಕೀಲು ನೋವಿರುವವರು ಜಗಿಯದಿರುವುದೇ ಮೇಲು. ಅತಿಯಾದರೆ ಹೊಟ್ಟೆಯುಬ್ಬರ, ಭೇದಿಯಾಗಬಹುದು. ಪುಟ್ಟ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ಮನೆಯಲ್ಲಿ ನಾಯಿ ಇದ್ದರಂತೂ ಪೊಟ್ಟಣ ಎತ್ತರದಲ್ಲಿಡಿ. ಮನುಷ್ಯರ ಹಲ್ಲು ಕಾಯುವ ಕ್ಸೈಲಿಟಾಲ್ ನಾಯಿಗೆ ವಿಷ, ಸ್ವಲ್ಪ ತಿಂದರೂ ಪ್ರಾಣಕ್ಕೇ ಕುತ್ತು. ತಿಂದಿದೆ ಎಂಬ ಅನುಮಾನ ಬಂದರೂ ತಡಮಾಡದೆ ಪಶುವೈದ್ಯರ ಬಳಿ ಕರೆದೊಯ್ಯಬೇಕು.